ಶಾಂತಿನಾಥನ ಸಾಯುವ ಪಾರ್ಟು

"ವೇಂಡ ಸಾಮಿ. ಎಲ್ಲಿ ಬೇಕಾದ್ರೂ ಹೊಡೆದಾಡಿ. ಈ ತುರುತ್ತಲ್ಲಿ ಮಾತ್ರ ಸತ್ತಂಗೆ ಬೀಳ್ಬೇಡಿ," ಎಂದು ದೋಣಿ ನಡೆಸುವ ವೆಳ್ಳನ್ ಕೈಮುಗಿದ. ಸಿನಿಮಾ ತೆಗೆಯಲು ಮೈಸೂರಿನಿಂದ ಬಂದಿದ್ದ ಚಂದ್ರಪ್ರಭ ನಕ್ಕುಬಿಟ್ಟ.

ಚೇಕಾಡಿ ಹಳ್ಳಿಯ ಆಚೆ ಹೊಳೆ ಎರಡಾಗಿ ಸೀಳಿದಲ್ಲಿ ಆ ತುರುತ್ತು, ಅಂದರೆ ನಡುಗಡ್ಡೆ. ಕಾಫಿ ತೋಟದಿಂದ ಓಡಿಹೋದ ಕೂಲಿಯೊಬ್ಬನನ್ನು ತೋಟದ ದೊರೆ ಅಲ್ಲಿ ಗುಂಡಿಟ್ಟು ಕೊಂದು, ಹೆತ್ತವಳಿಗೆ ಅಳುವುದಕ್ಕೂ ಬಿಡದೆ ಹೆಣವನ್ನು ಹೊಳೆಗೆ ಎಸೆದಿದ್ದನಂತೆ. ಆ ತಾಯಿ ಕಾಸರಕದ ಮರದ ಬುಡದಲ್ಲಿ ಮಾಟದ ಮಡಕೆ ಹೂತಿಟ್ಟಳು. ಅಂದಿನಿಂದ ಅಲ್ಲಿ ಆಟಕ್ಕೆ ಹೆಣವಾಗಿ ಬಿದ್ದವನೂ ಏಳಲಾರ. ಬಿಸಿಲು ನಡುಗಡ್ಡೆ ಬಿಡುವುದರೊಳಗೆ ಹೆತ್ತವರೋ ಒಡಹುಟ್ಟಿದವರೋ ಅತ್ತರೆ ಮಾತ್ರ ಅವನ ಉಸಿರು ಮರಳುತ್ತದೆ.

"ಅಳೋದಕ್ಕೆ ನಮ್ಮ ಹತ್ರ ಈರುಳ್ಳಿ ಇದೆ ಬಿಡಯ್ಯ," ಎಂದ ಚಂದ್ರಪ್ರಭ. ಪುಣ್ಯಾತ್ಮನಿಗೆ ಹುಲಿ, ಆನೆ ಯಾವುದರ ಭಯವೂ ಇರಲಿಲ್ಲ. ಹೆದರುತ್ತಿದ್ದದ್ದು ಮೋಡಕ್ಕೆ ಮಾತ್ರ. ಬಿಸಿಲಿಲ್ಲದೆ ಚಿತ್ರ ಮೂಡುವುದಿಲ್ಲ, ಉಳಿದಿದ್ದದ್ದು ಒಂದೇ ಸುರುಳಿ ಫಿಲ್ಮು. ಸಾಹಸದ ಪಾರ್ಟೆಲ್ಲ ಅವನ ತಮ್ಮ ಶಾಂತಿನಾಥನದೇ. ಬೇರೆಯವರನ್ನು ಕರೆತರುವ ತಾಕತ್ತು ಆ ಬಡ ಕಂಪನಿಗೆ ಎಲ್ಲಿತ್ತು? ಮರದಿಂದ ಹಾರಿ ಹಾರಿ ಅವನ ಮೊಣಕೈಯ ಚರ್ಮ ಕಿತ್ತುಬಂದಿತ್ತು.

"ಅಣ್ಣ, ಆಚೆ ದಡದಲ್ಲಿ ಬೀಳ್ಲಾ?"

"ಅಲ್ಲಿ ನೆರಳು ಕಣೋ. ಇಲ್ಲೇ ಬೀಳು."

ಹುಸಿ ಕೋವಿ ಸಿಡಿಯಿತು. ಶಾಂತಿನಾಥ ಕಾಸರಕದ ಬುಡದಲ್ಲಿ ಬಿದ್ದ. ಕಾಫಿ ಹೂವಿನ ಕಂಪು ಥಟ್ಟನೆ ಅಡಗಿ, ಸುಟ್ಟ ಕೂದಲಿನ ಕಮಟು ಹಬ್ಬಿತು. ಜೀರುಂಡೆಗಳು ಸುಮ್ಮನಾದವು. ತೆರೆದ ಕಣ್ಣಿನಂಚಿನಲ್ಲಿ ಇರುವೆ ಹರಿದರೂ ರೆಪ್ಪೆ ಮಿಟುಕಲಿಲ್ಲ. ಎಷ್ಟು ಚೆನ್ನಾಗಿ ಸಾಯುತ್ತಾನೆ ನನ್ನ ತಮ್ಮ! ಚಂದ್ರಪ್ರಭನ ಎದೆಯುಬ್ಬಿತು. ಕ್ಯಾಮೆರಾ ಹತ್ತಿರಕ್ಕೆ ಒಯ್ದು, ಇಳಿಬಿಸಿಲಿನ ಮೇಲೆಯೇ ಕಣ್ಣಿಟ್ಟು, ವೇಗ ತಪ್ಪದಂತೆ ಹಿಡಿ ತಿರುಗಿಸುತ್ತ ಹೋದ.

"ಅಳಿ ಸಾಮಿ! ಬಿಸಿಲು ಹೋಗ್ತದೆ!" ವೆಳ್ಳನ್ ಕಾಲು ಹಿಡಿದ.

"ಅದು ಹೋಗುತ್ತೆ ಅಂತಾನೇ ತಿರುಗಿಸ್ತಿರೋದು, ಬಿಡೋ ಕಾಲು!"

ಸುರುಳಿ ಮುಗಿಯಿತು. ಬಿಸಿಲು ಮರದ ತುದಿಗೇರಿತು. ಜಾರಿತು.

"ಏಳೋ."

ಏಳಲಿಲ್ಲ. ಅಲುಗಿಸಿದ. ಮೈ ತಣ್ಣಗಿತ್ತು. ಕೆನ್ನೆಗೆ ಹೊಡೆದ. ಎದೆಗೆ ಕಿವಿಯಿಟ್ಟ. ಏನೂ ಇಲ್ಲ. ಆಗ ಅತ್ತ. ಗಂಟಲು ಹರಿಯುವಂತೆ ಅತ್ತ. ವೆಳ್ಳನ್ ಮುಖ ತಿರುಗಿಸಿಕೊಂಡು ದೋಣಿಯ ಹಗ್ಗ ಬಿಚ್ಚಿದ.

ಮೂರು ತಿಂಗಳ ಮೇಲೆ, ತೊಳೆದು ಬಂದ ಆ ಸುರುಳಿಯನ್ನು ಚಂದ್ರಪ್ರಭ ಮೈಸೂರಿನಲ್ಲಿ ಒಬ್ಬನೇ ಕೂತು ಪರದೆಯ ಮೇಲೆ ನೋಡಿದ. ಮೂಕಿ ಚಿತ್ರ, ದನಿಯಿಲ್ಲ. ಶಾಂತಿನಾಥ ಅಲ್ಲಾಡದೆ ಬಿದ್ದಿದ್ದ. ತುಟಿ ಮಾತ್ರ, ಸುರುಳಿ ಮುಗಿಯುವವರೆಗೂ, ತೀರಾ ಮೆಲ್ಲಗೆ ಅಲುಗುತ್ತಿತ್ತು. ಅಣ್ಣಾ, ಅಣ್ಣಾ, ಅಣ್ಣಾ.