ಅಮ್ಮನ ಬಾಯಾರಿಕೆ

"ಅಯ್ಯೋ, ಹಾಗಲ್ಲ! ಮೊದಲು ಬ್ರೇಕ್ ಹಾಕ್ಬೇಕು, ಆಮೇಲೆ ಅಮ್ಮನ್ನ ಎತ್ತೋದು!" ಗುಂಡಿ ಕೂಗಿದಳು.

ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದ ಹೊಸ ಅಕ್ಕ ನಾಲಿಗೆ ಕಚ್ಚಿಕೊಂಡು ವೀಲ್‌ಚೇರಿನ ಬ್ರೇಕ್ ಒತ್ತಿದರು. ಅಮ್ಮನ ಕಂಕುಳಿಗೆ ಕೈ ಕೊಟ್ಟು, ಮಂಚದಿಂದ ಎತ್ತಿ ಕೂರಿಸಿದರು. ಅಷ್ಟಕ್ಕೇ ಅವರ ಮುಖ ಕೆಂಪಾಯಿತು.

"ಅಬ್ಬಾ, ಟೀಚರಮ್ಮ ಬಲು ಸ್ಟ್ರಿಕ್ಟು," ಎಂದರು.

ಅಮ್ಮ ನಕ್ಕಳು. ಗುಂಡಿ ನಗಲಿಲ್ಲ. ನಗುವುದಕ್ಕೆ ಇದೇನು ಆಟವೇ?

ಅಮ್ಮ ಮೊದಲು ಟೈಲರ್ ಆಗಿದ್ದಳು. ಬಟನ್ ಡಬ್ಬಿಯಲ್ಲಿ ಕೈಯಾಡಿಸುತ್ತಲೇ ಬೆಳೆದ ಮಗಳಿಗೆ ಗುಂಡಿ ಎಂಬ ಹೆಸರು ಅಂಟಿಕೊಂಡಿತ್ತು. ಈಗ ಅಮ್ಮನ ಕೈಕಾಲುಗಳಲ್ಲಿ ಶಕ್ತಿಯೇ ಇಲ್ಲ. ಒಂದು ಲೋಟ ಎತ್ತಲೂ ಇನ್ನೊಬ್ಬರು ಬೇಕು. ಅಪ್ಪ ಬೆಳಗ್ಗೆಯೇ ಬೇಕರಿ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಗುಂಡಿ ಸ್ಕೂಲಿಗೆ ಹೋದಮೇಲೆ ಅಮ್ಮ ಕಿಟಕಿ ಪಕ್ಕ ಒಬ್ಬಳೇ. ಮಧ್ಯಾಹ್ನ ಕೆಳಗಿನ ಮನೆಯ ಅಜ್ಜಿ ಬಂದು ನಾಲ್ಕು ತುತ್ತು ತಿನ್ನಿಸಿ ಹೋಗುತ್ತಿದ್ದರು. ಆ ಅಜ್ಜಿಗೋ ತಮ್ಮ ಕಾಲು ಎತ್ತಿಡುವುದೇ ಕಷ್ಟ, ಇನ್ನು ಅಮ್ಮನನ್ನು ಎತ್ತುವುದೆಲ್ಲಿ ಬಂತು!

ಸಹಾಯಕ್ಕೆಂದು ಇಟ್ಟುಕೊಂಡವರಲ್ಲಿ ಮೊದಲನೆಯವಳು ಇಡೀ ದಿನ ಫೋನಿನಲ್ಲೇ ಮುಳುಗಿರುತ್ತಿದ್ದಳು. ಎರಡನೆಯವಳು ವಾರ ತುಂಬುವ ಮೊದಲೇ ಕಾಲಿಗೆ ಬುದ್ಧಿ ಹೇಳಿದ್ದಳು. "ಇವ್ರೂ ನಿಲ್ಲದಿದ್ರೆ ಅಮ್ಮನ್ನ ದೊಡ್ಡಮ್ಮನ ಊರಿಗೆ ಕಳಿಸೋದೇ," ಎಂದು ಅಪ್ಪ ನಿನ್ನೆ ಹೇಳಿಬಿಟ್ಟಿದ್ದರು. ದೊಡ್ಡಮ್ಮನ ಊರೆಂದರೆ ರೈಲಿನಲ್ಲಿ ಇಡೀ ಹಗಲು ಕೂತಿರಬೇಕು. "ಬೇಡವೇ ಬೇಡ!" ಎಂದು ಗುಂಡಿ ತಟ್ಟೆ ಬಿಟ್ಟು ಎದ್ದು ಹೋಗಿದ್ದಳು.

ಇವತ್ತು ಭಾನುವಾರ. ಹೊಸ ಅಕ್ಕನ ಟ್ರಯಲ್. ಗುಂಡಿ ಅವರ ಹಿಂದೆಯೇ ಸುತ್ತುತ್ತ, ಬಾಚಣಿಗೆ ಎಲ್ಲಿದೆ, ದಿಂಬು ಯಾವ ಕಡೆ ಇಡಬೇಕು, ಅಮ್ಮನಿಗೆ ಮೂಗು ತುರಿಸಿದರೆ ಹೇಗೆ ಕೆರೆಯಬೇಕು, ಎಲ್ಲ ಹೇಳಿಕೊಟ್ಟಳು.

"ನೀರು ಕೊಡ್ಲಾ?" ಹೊಸ ಅಕ್ಕ ಅಮ್ಮನನ್ನು ಕೇಳಿದರು.

"ಅಮ್ಮಂಗೆ ಬಾಯಾರಿಕೆನೇ ಆಗಲ್ಲ," ಗುಂಡಿ ಮಧ್ಯೆ ಬಾಯಿ ಹಾಕಿದಳು. "ಬೆಳಗ್ಗೆ ಅರ್ಧ ಲೋಟ ಕುಡಿದ್ರೆ ಮುಗೀತು. ಒಂಟೆ ಥರ!"

ಹೊಸ ಅಕ್ಕ ಅಮ್ಮನ ಒಣಗಿದ ತುಟಿಗಳನ್ನೇ ನೋಡಿದರು. "ನಾನು ಸಂಜೆ ತನಕ ಇಲ್ಲೇ ಇರ್ತೀನಿ. ಸಂಕೋಚ ಬೇಡ, ಕುಡೀರಿ."

ಅಮ್ಮ ಗಟಗಟ ಕುಡಿದಳು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದಳು. ಗುಂಡಿ ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಳು.

ಆ ದಿನ ಅಮ್ಮ ಟೀ ಕೇಳಿದಳು, ಮತ್ತೆ ನೀರು ಕೇಳಿದಳು. ಒಂದೇ ಪ್ಯಾಂಟನ್ನು ಎರಡೆರಡು ಸಲ ಚಿಕ್ಕದು ಮಾಡಿಸಿ, ಆಮೇಲೆ "ಮೊದಲಿದ್ದ ಹಾಗೇ ಮಾಡ್ಕೊಡಿ" ಎಂದ ಹಳೆಯ ಗಿರಾಕಿಯ ಕತೆ ಹೇಳಿ ಇಬ್ಬರನ್ನೂ ನಗಿಸಿದಳು. ಅಮ್ಮ ಹೀಗೆ ಮಾತಾಡಿ ಎಷ್ಟು ಕಾಲವಾಗಿತ್ತು!

ಆದರೆ ನೀರು ಕುಡಿದಮೇಲೆ ಬಾತ್‌ರೂಮಿಗೆ ಹೋಗಲೇಬೇಕಲ್ಲ. ಅದರ ಬಾಗಿಲಲ್ಲಿ ವೀಲ್‌ಚೇರು ಹಿಡಿಸುವುದಿಲ್ಲ. ಹೊಸ ಅಕ್ಕ ಅಮ್ಮನನ್ನು ತಬ್ಬಿ ಎತ್ತಿ ಒಳಗೆ ಕೂರಿಸಿ, ಮತ್ತೆ ಹಾಗೆಯೇ ಎತ್ತಿ ತರಬೇಕು. ಮಧ್ಯಾಹ್ನದ ಹೊತ್ತಿಗೆ ಅವರು ಸೊಂಟದ ಮೇಲೆ ಕೈಯಿಟ್ಟು ಗೋಡೆಗೆ ಒರಗಿದ್ದರು.

"ನೋವಾ ಅಕ್ಕಾ? ನಾನೂ ಹಿಡ್ಕೋತೀನಿ," ಎಂದು ಗುಂಡಿ ಮುಂದಿನ ಸಲ ಅಮ್ಮನ ಕಾಲು ಹಿಡಿದುಕೊಂಡಳು.

ಸಂಜೆ ಅಪ್ಪ ಬಂದರು. ಹೊಸ ಅಕ್ಕ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಮಾತಾಡಿದರು. ಒಳಗಿನವರಿಗೂ ಕೇಳಿಸಿತು.

"ತಪ್ಪು ತಿಳೀಬೇಡಿ ಸಾರ್. ಬಂಗಾರದಂಥವ್ರು ನಿಮ್ಮ ಮನೆಯವ್ರು. ಆದ್ರೆ ಇಷ್ಟು ಸಲ ಎತ್ತಿ ಇಳಿಸೋಕೆ ನನ್ನ ಸೊಂಟ ತಡೆಯಲ್ಲ."

ಅಪ್ಪ ಪರಿಪರಿಯಾಗಿ ಕೇಳಿಕೊಂಡರು. ಅಕ್ಕ ಕಣ್ಣೊರೆಸಿಕೊಂಡರು. ಆದರೂ ಮೆಟ್ಟಿಲಿಳಿದು ಹೋಗಿಬಿಟ್ಟರು.

ಗುಂಡಿಗೆ ಅಳು ಉಕ್ಕಿ ಬಂತು. ಅಮ್ಮನ ಹತ್ತಿರ ಓಡಿದಳು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

"ನಂದೇ ತಪ್ಪು," ಅಮ್ಮ ತನಗೆ ತಾನೇ ಹೇಳಿಕೊಂಡಳು. "ಇವತ್ತು ಅಷ್ಟೊಂದು ನೀರು ಕುಡೀಬಾರದಿತ್ತು."

ಗುಂಡಿ ಅಳು ನಿಲ್ಲಿಸಿ ಅಮ್ಮನನ್ನೇ ನೋಡಿದಳು.

ದಿನಾ ಸ್ಕೂಲಿನಿಂದ ಬಂದು ಅವಳು "ನೀರು ಬೇಕಾಮ್ಮಾ?" ಎಂದು ಕೇಳುತ್ತಿದ್ದಳು. "ಬೇಡ ಪುಟ್ಟಾ" ಎಂದರೆ ಸಾಕು, ಆಡಲು ಓಡುತ್ತಿದ್ದಳು. ಅಪ್ಪ ಬರುವವರೆಗೆ ಅಮ್ಮನನ್ನು ಬಾತ್‌ರೂಮಿಗೆ ಎತ್ತಿಕೊಂಡು ಹೋಗುವವರು ಮನೆಯಲ್ಲಿ ಯಾರಿದ್ದರು? ಒಂಟೆಯಂತೆ, ಒಂಟೆ! ಹಾಗೆಂದು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಳು ಬೇರೆ.

ಅವಳು ಒಂದು ಲೋಟ ನೀರು ತಂದಳು. "ಕುಡಿಯಮ್ಮಾ."

"ಬೇಡ ಪುಟ್ಟಾ. ಬಾಯಾರಿಕೆ ಇಲ್ಲ."

ಗುಂಡಿ ಲೋಟ ಹಿಡಿದುಕೊಂಡೇ ನಿಂತಳು. ನಾಳೆ ಸೋಮವಾರ. ಅಪ್ಪ ಬಂದು ಬಾಗಿಲಿಗೆ ಒರಗಿ ನಿಂತರು.

"ಅಪ್ಪಾ," ಗುಂಡಿ ತಿರುಗಿ ನೋಡದೆಯೇ ಕೇಳಿದಳು, "ದೊಡ್ಡಮ್ಮನ ಮನೇಲಿ ಹಗಲು ಹೊತ್ತು ಯಾರ್ಯಾರು ಇರ್ತಾರೆ?"

"ದೊಡ್ಡಮ್ಮ, ದೊಡ್ಡಪ್ಪ, ಅಣ್ಣಂದಿರು... ತುಂಬಿದ ಮನೆ ಅದು. ಯಾಕೆ?"

"ಹಾಗಾದ್ರೆ ಅಮ್ಮ ಅಲ್ಲಿಗೇ ಹೋಗ್ಲಿ."

ಗುಂಡಿ ಲೋಟವನ್ನು ಅಮ್ಮನ ತುಟಿಗೆ ಹಿಡಿದಳು.

"ಈಗ ಕುಡಿ. ಅಪ್ಪ ಬಂದಿದ್ದಾರಲ್ಲ."

ಅಮ್ಮ ಮಗಳ ಮುಖವನ್ನೇ ನೋಡುತ್ತ, ಲೋಟ ಖಾಲಿಯಾಗುವವರೆಗೂ ಕುಡಿದಳು.