ಓಡಿಸುವವರ ಪಕ್ಕದ ಸೀಟು

“ಶೆಡ್ಡಿನ ಬಾಗಿಲು ತೆಗೀಬೇಡ ಕಣೆ. ತೆಗೆದೇ ತೆಗೀತೀನಿ ಅಂದ್ರೂ, ಆ ಕಾರಲ್ಲಿ ಓಡಿಸೋರ ಪಕ್ಕದ ಸೀಟಲ್ಲಿ ಯಾರೂ ಕೂರಬಾರದು.”

ಹಿಂದಿನ ಕೋಣೆಯ ಮಂಚದಿಂದ ಅಜ್ಜಿ ಇಷ್ಟು ಹೇಳಿ ಗೋಡೆಯ ಕಡೆ ಹೊರಳಿಕೊಂಡಳು. ಅಜ್ಜಿ ಎಂದರೆ ಗಂಡನ ಅಪ್ಪನ ತಾಯಿ; ಎದ್ದು ಓಡಾಡುವ ಶಕ್ತಿ ಹೋಗಿ, ಮನೆಯ ಸದ್ದುಗಳನ್ನು ಕೇಳಿಕೊಂಡೇ ದಿನ ನೂಕುತ್ತಿದ್ದ ಜೀವ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಸೊಸೆಗೆ ನಗು ತಡೆಯಲಾಗಲಿಲ್ಲ.

“ಅದರಲ್ಲಿ ದೆವ್ವ ಇದ್ರೂ ಇಷ್ಟು ಹೊತ್ತಿಗೆ ಬ್ಯಾಟರಿ ಇಳಿದುಹೋಗಿರುತ್ತೆ ಬಿಡಿ ಅಜ್ಜಿ,” ಎಂದು ಗೋಡೆಯ ಮೊಳೆಯಿಂದ ಶೆಡ್ಡಿನ ಬೀಗದ ಕೈ ತೆಗೆದುಕೊಂಡಳು.

ಅವಳು ಗ್ಯಾರೇಜಿನವನ ಮಗಳು. ಅಪ್ಪ ಗಾಡಿಯ ಕೆಳಗೆ ಮಲಗಿ ಕೈ ಚಾಚಿದರೆ ಯಾವ ಸ್ಪ್ಯಾನರು ಕೊಡಬೇಕೆಂದು ಸರಿಯಾಗಿ ಮಾತು ಬರುವ ಮೊದಲೇ ಕಲಿತವಳು. ಗಂಡ ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ‘ಮೇಸ್ತ್ರಿ’ ಎನ್ನುತ್ತಿದ್ದ. ಆ ಒಂದು ಪದಕ್ಕೆ ಅವಳು ಕರಗಿ ನೀರಾಗುತ್ತಿದ್ದಳು. ಮಾಟ, ಮಂತ್ರ, ದೃಷ್ಟಿ, ಗಾಳಿ ಎಲ್ಲವೂ ಅವಳ ಲೆಕ್ಕದಲ್ಲಿ ರಿಪೇರಿ ಬಾರದವರು ಗಿರಾಕಿಗೆ ಹೇಳುವ ನೆಪಗಳು.

ಆದರೆ ಒಂದು ಮಾತು ಹೇಳಿಬಿಡಬೇಕು. ಅವಳು ಆ ಶೆಡ್ಡಿಗೆ ಕೈಹಾಕಿದ್ದು ಕಾರಿನ ಮೇಲಿನ ಮಮತೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಮನೆಯಲ್ಲಿದ್ದದ್ದು ಒಂದು ಸ್ಕೂಟರು. ಅದರ ಹಿಂದೆ ಒಬ್ಬರಿಗಷ್ಟೇ ಜಾಗ. ರಜೆಯ ದಿನ ಎಲ್ಲಿಗೆ ಹೊರಟರೂ ಅತ್ತೆ ಮೊದಲು ಹೋಗಿ ಮಗನ ಹಿಂದೆ ಕೂತುಬಿಡುತ್ತಿದ್ದಳು. ಅವನ ಹೆಗಲ ಮೇಲೆ ಕೈಯಿಟ್ಟು, “ನೀನು ಬಸ್ಸಲ್ಲಿ ಬಾಮ್ಮ, ಸ್ಟಾಪು ಇಲ್ಲೇ ಇದೆಯಲ್ಲ,” ಎನ್ನುತ್ತಿದ್ದಳು. ಬಸ್ಸಿನ ಕಿಟಕಿಯಿಂದ ಸೊಸೆ ನೋಡುತ್ತಿದ್ದಳು. ಸ್ಕೂಟರು ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅತ್ತೆ ಮಗನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಅವನು ಕತ್ತು ಹಿಂದಕ್ಕೆ ಹಾಕಿ ನಗುತ್ತಿದ್ದ. ತಾಯಿ ಮಗ ನಕ್ಕರೆ ಇವಳ ಗಂಟೇನು ಹೋಯಿತು ಎಂದು ನೀವು ಕೇಳಬಹುದು. ಕಟ್ಟಿಕೊಂಡ ಗಂಡನ ಬೆನ್ನನ್ನು ಬಸ್ಸಿನಿಂದ ನೋಡಿದವರಿಗೇ ಅದು ಗೊತ್ತು. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು.

ಕಾರು ಎದ್ದರೆ ಓಡಿಸುವವಳು ತಾನು. ಪಕ್ಕದಲ್ಲಿ ಗಂಡ. ಅತ್ತೆ ಹಿಂದಿನ ಸೀಟಿನಲ್ಲಿ, ತರಕಾರಿ ಚೀಲದ ಜೊತೆಗೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಶೆಡ್ಡಿಗೆ ಕಿಟಕಿ ಇರಲಿಲ್ಲ. ಬಾಗಿಲು ಕಿರುಗುಟ್ಟಿ ತೆರೆದಾಗ ಹಗಲಿನ ಬೆಳಕು ಹೊಸ್ತಿಲಲ್ಲೇ ನಿಂತಿತು. ಹಳಸಿದ ಪೆಟ್ರೋಲು, ಇಲಿಯ ಉಚ್ಚೆ, ಕೊಳೆತ ರಬ್ಬರು ಎಲ್ಲ ಅವಳಿಗೆ ಪರಿಚಯದ ವಾಸನೆಗಳೇ. ಅವುಗಳ ಅಡಿಯಲ್ಲಿ ಇನ್ನೊಂದಿತ್ತು. ಕೂದಲು ಸುಟ್ಟ ವಾಸನೆ. ಅವಳು ಟಾರ್ಚು ಹಾಕಿದಳು. ಮಾವ ಬದುಕಿದ್ದಾಗ ಮನೆಮಂದಿಯೆಲ್ಲ ತಿರುಗಾಡಿದ ದೊಡ್ಡ ಕಾರು, ಚಕ್ರಗಳ ಗಾಳಿ ಇಳಿದು ನೆಲಕ್ಕೆ ಕುಕ್ಕರಿಸಿತ್ತು. ಬಾನೆಟ್ಟಿನ ಮೇಲೆ ಬೆರಳು ದಪ್ಪ ಧೂಳು. ಇಲಿಗಳು ಹಿಂದಿನ ಸೀಟನ್ನೂ ಓಡಿಸುವವರ ಸೀಟನ್ನೂ ಹರಿದು ಸ್ಪಂಜು ಹೊರಗೆಳೆದಿದ್ದವು. ಓಡಿಸುವವರ ಪಕ್ಕದ ಸೀಟನ್ನು ಮಾತ್ರ ಒಂದು ಹಲ್ಲೂ ಮುಟ್ಟಿರಲಿಲ್ಲ. ಅದರ ಮೇಲೆ ಧೂಳೂ ಇರಲಿಲ್ಲ. ಯಾರೋ ಈಗಷ್ಟೇ ಎದ್ದುಹೋದಂತೆ ನಡುವೆ ತಗ್ಗಾಗಿತ್ತು.

“ಒಳ್ಳೆ ಗಟ್ಟಿ ರೆಕ್ಸಿನ್ನು,” ಎಂದುಕೊಂಡು ಅವಳು ಜಾಕಿ ತರಲು ಹೋದಳು.

ಕೆಲಸ ವಾರಗಟ್ಟಲೆ ಹಿಡಿಯಿತು. ಟ್ಯಾಂಕಿನ ತಳದಲ್ಲಿ ಅಂಟಾಗಿದ್ದ ಪೆಟ್ರೋಲನ್ನು ಬಸಿದು ತೊಳೆದಳು. ಕಾರ್ಬೊರೇಟರ್ ಬಿಚ್ಚಿ, ಕಟ್ಟಿಕೊಂಡಿದ್ದ ತೂತುಗಳಿಗೆ ಗಾಳಿ ಹೊಡೆದಳು. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಬ್ರೇಕುಗಳನ್ನು ಬಿಡಿಸಿದಳು. ಪ್ಲಗ್ಗುಗಳನ್ನು ತೆಗೆದು, ಒಳಗೆ ಎಣ್ಣೆ ಬಿಟ್ಟು, ಇಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದಳು. ಗಂಡ ಆಫೀಸಿನಿಂದ ಬಂದವನೇ ಟಾರ್ಚು ಹಿಡಿದು ನಿಲ್ಲುತ್ತಿದ್ದ. “ಮೇಸ್ತ್ರಿ, ಮೂಗಿನ ಮೇಲೆ ಗ್ರೀಸು,” ಎನ್ನುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ನೋಡಲಿ ಎಂದೇ ಸೊಸೆ ಅವನ ತೋಳಿಗೆ ಮೂಗು ಒರೆಸುತ್ತಿದ್ದಳು.

ಆ ಪಕ್ಕದ ಸೀಟನ್ನು ಬಿಚ್ಚಿದ ದಿನ ಅದರ ಕೆಳಗೆ ಒಂದು ಗಂಟು ಸಿಕ್ಕಿತು. ಕಪ್ಪು ಬಟ್ಟೆ, ಒಳಗೆ ಕಬ್ಬಿಣದ ಮೊಳೆಗಳು, ಮೊಳೆಗಳಿಗೆ ಬಿಗಿಯಾಗಿ ಸುತ್ತಿದ ಹೆಂಗಸಿನ ಉದ್ದ ಕೂದಲು. ಕಾರಿನ ಕಬ್ಬಿಣವೆಲ್ಲ ತುಕ್ಕು ತಿಂದಿತ್ತು, ಆ ಮೊಳೆಗಳು ಮಾತ್ರ ಹೊಳೆಯುತ್ತಿದ್ದವು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಅಜ್ಜಿಯ ಮುಂದೆ ಆಡಿಸಿದಳು. ಅಜ್ಜಿ ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡಳು.

“ಮುಟ್ಟಿಬಿಟ್ಟೆಯಲ್ಲೇ. ನಿಮ್ಮಾವ ದಿನಾ ಒಬ್ಬಳು ಸಂಗೀತದ ಟೀಚರನ್ನ ಆ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಿದ್ದ. ಒಂದಿನ ಅವಳು ಕಾರಿಂದ ಇಳೀಲೇ ಇಲ್ಲ. ಕೂತಲ್ಲೇ ಉಸಿರು ಕಟ್ಟಿ ಹೋದಳು. ಅವತ್ತೇ ನನ್ನ ಮಗ ಶೆಡ್ಡಿಗೆ ಬೀಗ ಹಾಕಿದ್ದು.”

“ಇದನ್ನ ಮಾಡಿಸಿದ್ದು ಯಾರು?”

“ನಂಗೆ ನೀರು ಕೊಡೋ ಕೈ ಯಾವುದು ಅಂತ ಗೊತ್ತಲ್ಲ ನಿಂಗೆ. ಇನ್ನೇನೂ ಕೇಳಬೇಡ ಮಗಾ.”

ಅಜ್ಜಿಗೆ ನೀರು ಕೊಡುತ್ತಿದ್ದವಳು ಅತ್ತೆ. ಸೊಸೆಗೆ ಅರ್ಥವಾಯಿತು. ಅರ್ಥವಾಗಿ ಒಳಗೊಳಗೇ ನಗುವೂ ಬಂತು. ಗಂಡನನ್ನು ಹಂಚಿಕೊಳ್ಳಲಾರದವಳು ಮಗನನ್ನು ಹಂಚಿಕೊಂಡಾಳೇ? ಟೀಚರಿಗೆ ಉಬ್ಬಸ ಇದ್ದಿರಬೇಕು, ಅಷ್ಟೇ. ಮಾಟ ಹಿಡಿಯುತ್ತದೆಂದೇ ನಂಬದವಳಿಗೆ ಮಾಡಿಸಿದವರ ಭಯವೆಲ್ಲಿ? ಗಂಟನ್ನು ಕಸದ ಬುಟ್ಟಿಗೆ ಎಸೆದು ಕೈ ತೊಳೆದುಕೊಂಡಳು.

ಕಾರು ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲು ಬರುತ್ತಿತ್ತು, ಕಿಡಿ ಹಾರುತ್ತಿತ್ತು, ಹೊಸ ಬ್ಯಾಟರಿ ಇಂಜಿನ್ನನ್ನು ಗರಗರ ತಿರುಗಿಸುತ್ತಿತ್ತು. ಉರಿ ಮಾತ್ರ ಹತ್ತಲೊಲ್ಲದು. ಬಿಚ್ಚಿದ್ದನ್ನೇ ಬಿಚ್ಚಿದಳು, ಕಟ್ಟಿದ್ದನ್ನೇ ಕಟ್ಟಿದಳು. ಬೆವರು ಕಣ್ಣಿಗಿಳಿದು ಉರಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ನಗುತ್ತಿತ್ತು, ಅಥವಾ ನಗುತ್ತಿದೆಯೆಂದು ಇವಳಿಗೆ ಅನ್ನಿಸಿತು. ಕೊನೆಗೆ ರೋಸಿಹೋಗಿ, ತನ್ನನ್ನೇ ಬೈದುಕೊಳ್ಳುತ್ತ, ಕಸದ ಬುಟ್ಟಿಯಿಂದ ಗಂಟನ್ನು ತಂದು ಸೀಟಿನ ಕೆಳಗೆ ತುರುಕಿದಳು. ಕೀ ತಿರುಗಿಸಿದಳು.

ಇಂಜಿನ್ ಒಂದೇ ಸಲಕ್ಕೆ ಎದ್ದಿತು.

ಸೀಟಿನ ಕೆಳಗೆ ಎಲ್ಲೋ ವೈರು ಸಡಿಲವಿರಬೇಕು, ಗಂಟು ಒತ್ತಿದ್ದಕ್ಕೆ ಕೂಡಿಕೊಂಡಿದೆ ಎಂದುಕೊಂಡಳು. ಯಾವುದನ್ನು ತೆಗೆದರೆ ಗಾಡಿ ನಿಲ್ಲುತ್ತದೋ ಅದು ಗಾಡಿಯ ಭಾಗ ಎಂದು ಅಪ್ಪ ಕಲಿಸಿದ್ದ. ಗಂಟು ಅಲ್ಲೇ ಉಳಿಯಿತು. ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ತೆರೆದ ಬಾಗಿಲಿನಿಂದ ಹಾರಿ ಆ ಸೀಟಿನ ಮೇಲೆ ಕೂತಿತು. ಕೂತದ್ದೇ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಕಾಲುಗಳು ಸೆಟೆದವು. ಕಣ್ಣುಗುಡ್ಡೆಗಳು ಹೊರಬಂದವು. ಅವಳು ಗಾಬರಿಯಾಗಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ತಕ್ಷಣ ಬೆಕ್ಕು ಉಸಿರೆಳೆದು, ಚೀರಿ, ಅವಳ ಕೈ ಪರಚಿ ಓಡಿತು. “ಹೊಗೆ,” ಎಂದಳು ಅವಳು ಗಟ್ಟಿಯಾಗಿ. ಹೊಗೆಯ ಪೈಪು ಶೆಡ್ಡಿನ ಹೊರಗಡೆಗೆ ಮುಖ ಮಾಡಿತ್ತು. ಅದನ್ನು ನೆನಪಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಕಾರು ಸದ್ದು ಮಾಡಿದ ದಿನದಿಂದ ಅತ್ತೆ ಬೆಣ್ಣೆಯಂತಾದಳು. “ಪಾಪ, ಎಷ್ಟು ಒದ್ದಾಡಿದೆ. ನೀನೇ ಮುಂದೆ ಕೂತ್ಕೋಮ್ಮ, ನಾನು ಹಿಂದೆ ಇರ್ತೀನಿ.” ಕಾರು ಕಲಿಯಕೂಡದೆಂದು ಮಗನಿಂದ ಆಣೆ ಹಾಕಿಸಿಕೊಂಡಿದ್ದವಳು ಈಗ ತಾನೇ ಅವನನ್ನು ಡ್ರೈವಿಂಗ್ ಸ್ಕೂಲಿಗೆ ಅಟ್ಟಿದಳು. “ಗಂಡ ಓಡಿಸ್ಬೇಕು, ಹೆಂಡ್ತಿ ಪಕ್ಕ ಕೂರ್ಬೇಕು. ನೋಡೋಕೂ ಚೆಂದ.”

ಅತ್ತೆಯ ಮನಸ್ಸಿನಲ್ಲಿ ಏನಿದೆಯೆಂದು ಸೊಸೆಗೆ ಗೊತ್ತಿತ್ತು. ಆಸೆ ಪಡಲಿ ಬಿಡು, ಆ ಸೀಟಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು ತೋರಿಸುತ್ತೇನೆ ಎಂದುಕೊಂಡಳು.

ಹೊರಟದ್ದು ಒಂದು ರಜೆಯ ದಿನ, ಒಳ್ಳೆಯ ಬಿಸಿಲಿನಲ್ಲಿ. ತೊಳೆದ ಕಾರು ಕಣ್ಣು ಕುಕ್ಕುತ್ತಿತ್ತು. ಗಂಡ ಸ್ಟೇರಿಂಗು ಹಿಡಿದಿದ್ದ, ಅತ್ತೆ ಹಿಂದೆ ಕೂತಿದ್ದಳು, ಸೊಸೆ ಕೆಳಗೆ ನಿಂತು ಗೇಟಿನಿಂದ ಹೊರಬರಲು ದಾರಿ ತೋರಿಸುತ್ತಿದ್ದಳು. ಕಾರು ಒಮ್ಮೆ ಜಗ್ಗಿ ನಿಂತಿತು. ಮತ್ತೊಮ್ಮೆ ನಿಂತಿತು. ರಸ್ತೆಯಲ್ಲಿ ಯಾರೋ ಹಾರ್ನು ಬಾರಿಸಿದರು.

“ನನ್ನ ಕೈಲಾಗಲ್ಲ ಮೇಸ್ತ್ರಿ, ನೀನೇ ಓಡಿಸು,” ಎಂದು ಅವನು ಪಕ್ಕದ ಸೀಟಿಗೆ ಜರುಗಿದ. ಅವಳಿಗೆ ಸ್ವರ್ಗವೇ ಸಿಕ್ಕಂತಾಯಿತು. ಹತ್ತಿ ಕೂತು ಕಾರು ಬಿಟ್ಟೇಬಿಟ್ಟಳು.

“ಬೇಡ,” ಎಂದಳು ಅತ್ತೆ ಹಿಂದಿನಿಂದ. “ಅಲ್ಲಿ ಕೂರಬೇಡ. ಇಳಿಯೋ.”

“ಏನಮ್ಮ ನೀನು, ಮುಂದಿನ ಸಲ ನಾನು...”

ಮಾತು ಅಲ್ಲೇ ತುಂಡಾಯಿತು.

ಕೂದಲು ಸುಟ್ಟ ವಾಸನೆ ಗಪ್ಪೆಂದು ತುಂಬಿತು. ಅವಳು ತಿರುಗಿ ನೋಡಿದಳು. ಅವನ ಬಾಯಿ ತೆರೆದಿತ್ತು. ಸದ್ದಿಲ್ಲ. ಎರಡು ಕೈಯೂ ಕುತ್ತಿಗೆಯ ಮೇಲೆ. ಅವಳು ಬ್ರೇಕು ತುಳಿದಳು. ಅವನ ಕಾಲರು ಹರಿದಳು. ಬೆನ್ನಿಗೆ ಗುದ್ದಿದಳು. ಅವನ ಕಡೆಯ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ಅವನ ತುಟಿ ನೀಲಿಯಾಗುತ್ತಿತ್ತು. ಅತ್ತೆ ಇಳಿದು ಓಡಿಬಂದು ಹೊರಗಿನಿಂದ ಬಾಗಿಲು ಕಿತ್ತಂತೆ ತೆಗೆದಳು. ಮಗನ ತೋಳು ಹಿಡಿದು ಎಳೆದಳು. ಸೀಟು ಅವನನ್ನು ಬಿಡಲಿಲ್ಲ. ಅತ್ತೆ ತಲೆಯೆತ್ತಿ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟಳು.

“ಇಲ್ಲಿ ಕೂರಬೇಕಾಗಿದ್ದು ನೀನು.”

ಆಮೇಲೆ ಸೀಟಿನ ಕಡೆ ಬಾಗಿ, ಮಗುವನ್ನು ರಮಿಸುವವಳ ದನಿಯಲ್ಲಿ, “ಅವನ್ನ ಬಿಡು. ನಾನಿದ್ದೀನಲ್ಲ,” ಎಂದಳು. ಮಗನಿಗೂ ಸೀಟಿಗೂ ನಡುವೆ ತನ್ನ ಮೈ ತೂರಿಸಿದಳು. ಅವನು ಜಾರಿ ರಸ್ತೆಗೆ ಬಿದ್ದ. ಅವಳು ಕೂತಳು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಇಂಜಿನ್ ಓಡುತ್ತಲೇ ಇತ್ತು. ಅಷ್ಟು ನಯವಾಗಿ ಅದು ಹಿಂದೆಂದೂ ಓಡಿರಲಿಲ್ಲ. ಅತ್ತೆಯ ಬಾಯಿ ತೆರೆಯಿತು. ಸದ್ದಿಲ್ಲ. ಬೆಕ್ಕಿನ ಹಾಗೆ. ಬೆಕ್ಕು. ಆಗ ನೆನಪಾಯಿತು ಸೊಸೆಗೆ. ಕೀ. ಕೀ ತಿರುಗಿಸಿದರೆ ಸಾಕು. ಅವಳ ಕೈ ಕೀ ಹಿಡಿಯಿತು. ಅತ್ತೆಯ ಕಣ್ಣು ಆ ಕೈಯ ಮೇಲೆ ನೆಟ್ಟಿತ್ತು, ಬೇಡುತ್ತಿತ್ತು.

ಹೊರಗೆ ರಸ್ತೆಯ ಮೇಲೆ ಗಂಡ ಉಸಿರೆಳೆದುಕೊಂಡ. ಹೋದ ಜೀವ ಮರಳಿ ಬಂದವನ ಬಾಯಲ್ಲಿ ಮೊದಲು ಬಂದ ಮಾತು, “ಅಮ್ಮಾ.”

ಮೇಸ್ತ್ರಿ ಅಲ್ಲ. ಅಮ್ಮ.

ಅವಳ ಕೈ ನಿಂತಿತು. ಬಸ್ಸಿನ ಕಿಟಕಿ ಕಂಡಿತು. ಹೆಗಲ ಮೇಲಿನ ಕೈ ಕಂಡಿತು. ಕತ್ತು ಹಿಂದಕ್ಕೆ ಹಾಕಿ ನಗುವ ಗಂಡ ಕಂಡ. ಅತ್ತೆಯ ಉಗುರುಗಳು ಸೀಟನ್ನು ಪರಚುತ್ತಿದ್ದವು. ಪರಚಿದವು. ಮತ್ತೆ ಪರಚಿದವು. ನಿಂತವು.

ಆಮೇಲೆ ಅವಳು ಕೀ ತಿರುಗಿಸಿದಳು.

ಮಗನಿಗೆ ಉಸಿರು ಕಟ್ಟಿದ್ದು ಇಂಜಿನ್ನಿನ ಹೊಗೆಯಿಂದ, ಅದನ್ನು ನೋಡಿ ತಾಯಿಯ ಹೃದಯ ನಿಂತಿದೆ, ಗಾಬರಿಯಿಂದ ಹಾಗಾಗುತ್ತದೆ ಎಂದರು ಡಾಕ್ಟರು. ಗಂಡ ಮಗುವಿನ ಹಾಗೆ ಅತ್ತ. ಕಾರು ಮಾರೋಣ ಎಂದು ಅವಳು ಕಾಲು ಹಿಡಿದರೂ, ಅಮ್ಮ ಕೊನೆಗೆ ಕೂತ ಕಾರು ಅದು ಎಂದು ಅವನು ಕೇಳಲಿಲ್ಲ. ಗಂಟನ್ನು ಅವಳು ಎಸೆದು ನೋಡಿದಳು. ಕಾರು ನಿಂತಿತು. ಅವನು ಊಟ ಬಿಟ್ಟು ಶೆಡ್ಡಿನಲ್ಲೇ ಕೂತ. “ಸರಿ ಮಾಡು ಮೇಸ್ತ್ರಿ, ನಿಂಗೆ ಕೈ ಮುಗೀತೀನಿ,” ಎಂದ. ಅವಳು ಸರಿ ಮಾಡಿದಳು.

ಈಗ ಅವನೇ ಚೆನ್ನಾಗಿ ಓಡಿಸುತ್ತಾನೆ. ಅವಳು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ತರಕಾರಿ ಚೀಲದ ಜೊತೆಗೆ. ಮುಂದೆ ಬಾ ಎಂದು ಅವನು ಮೊದಮೊದಲು ಕರೆದ, ಈಗ ಕರೆಯುವುದಿಲ್ಲ. ಒಂದು ಕೈಯನ್ನು ಖಾಲಿ ಸೀಟಿನ ಮೇಲಿಟ್ಟು ಓಡಿಸುತ್ತಾನೆ. “ಅಮ್ಮ ಇಲ್ಲೇ ಕೂತಿರೋ ಹಾಗೆ ಅನ್ಸುತ್ತೆ,” ಎನ್ನುತ್ತಾನೆ. ಅವಳು ಅವನ ಬೆನ್ನು ನೋಡುತ್ತ ಕೂರುತ್ತಾಳೆ. ಬಸ್ಸಿನಿಂದ ಕಾಣುತ್ತಿದ್ದ ಅದೇ ಬೆನ್ನು.

ಮೊನ್ನೆ ಅವನ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಅವನ ಸಣ್ಣ ಜೋಕಿಗೂ ದೊಡ್ಡದಾಗಿ ನಕ್ಕಳು. ಅವನೂ ಕತ್ತು ಹಿಂದಕ್ಕೆ ಹಾಕಿ ನಕ್ಕ. ಎಷ್ಟೋ ದಿನಗಳ ಮೇಲೆ ನಕ್ಕದ್ದು. ಮನೆಗೆ ಬಿಟ್ಟು ಬರ್ತೀನಿ ಎಂದು ಅವನು ಬಟ್ಟೆ ಬದಲಿಸಲು ಒಳಗೆ ಹೋದಾಗ, ಸೊಸೆ ಶೆಡ್ಡಿಗೆ ಹೋಗಿ ಆ ಸೀಟಿನ ಕೆಳಗೆ ಕೈಹಾಕಿದಳು. ಗಂಟು ಸ್ವಲ್ಪ ಸಡಿಲವಾಗಿತ್ತು. ಬಿಗಿ ಮಾಡಿದಳು. ಸಡಿಲವಾದ ಯಾವುದನ್ನೂ ಹಾಗೇ ಬಿಡುವ ಅಭ್ಯಾಸ ಅವಳಿಗಿರಲಿಲ್ಲ.

ಹುಡುಗಿ ಸಂಕೋಚದಿಂದ ಹಿಂದಿನ ಬಾಗಿಲಿಗೆ ಕೈಹಾಕಿದಳು.

“ಛೆ, ಹಿಂದೆ ಯಾಕಮ್ಮ,” ಎಂದು ಸೊಸೆ ಮುಂದಿನ ಬಾಗಿಲು ತೆಗೆದು ಹಿಡಿದಳು. “ಮುಂದೆ ಕೂತ್ಕೋ. ಅವರ ಪಕ್ಕ.”

ಹಿಂದಿನ ಕೋಣೆಯಲ್ಲಿ ಮಂಚದ ಪಕ್ಕದ ಕಿಟಕಿಯಿಂದ ಅಜ್ಜಿ ಮಲಗಿದ್ದಲ್ಲಿಂದಲೇ ಎಲ್ಲ ನೋಡುತ್ತಿದ್ದಳು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳಿಗೆ ಈಗ ನೀರು ಕೊಡುತ್ತಿದ್ದದ್ದು ಸೊಸೆಯ ಕೈ.