ಸೀದ ಹಾಲಿನ ಕಾಫಿ

ರಂಜಿನಿಯ ಮುಖವನ್ನು ಹೊಳೆನರಸೀಪುರದಲ್ಲಿ ಸರಿಯಾಗಿ ನೋಡಿದವರೇ ಇರಲಿಲ್ಲ. ಕೊರೊನಾ ಕಾಲದಲ್ಲೇ ಅಲ್ಲಿನ ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ಲ್ಯಾಬ್ ಟೆಕ್ನೀಷಿಯನ್ ಅವಳು. ಊರಿಗೆ ಗೊತ್ತಿದ್ದದ್ದು ಮಾಸ್ಕಿನ ಮೇಲಿನ ಎರಡು ಕಣ್ಣು ಮಾತ್ರ. ಎಲ್ಲಿ ಸೋಂಕು ಹೊತ್ತೊಯ್ಯುತ್ತೇನೋ ಎಂದು ಚನ್ನರಾಯಪಟ್ಟಣದ ತನ್ನ ಮನೆಗೆ ಹೋಗಲು ಅವಳಿಗೇ ಭಯ. ಬಾಡಿಗೆಮನೆಯ ಒಡತಿ ಚಿಕ್ಕಲಕ್ಷ್ಮಮ್ಮ ಒಳ್ಳೆಯವರೇ. ಆದರೆ ಸಾರಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, "ತಗಳವ್ವಾ" ಎಂದು ಕೂಗಿ, ಬಾಗಿಲು ತೆರೆಯುವಷ್ಟರಲ್ಲಿ ಮಾಯವಾಗುತ್ತಿದ್ದರು. ಬಿಸಿ ಸಾರಿನ ಮುಂದೆ ಒಬ್ಬಳೇ ಕೂತು ರಂಜಿನಿ ಎಷ್ಟೋ ಸಲ ಅತ್ತಿದ್ದಳು.

ಆ ಕಣ್ಣು ನೋಡುವುದಕ್ಕೆಂದೇ ಬೇಗ ಬರುತ್ತಿದ್ದವನು ಅರಕಲಗೂಡಿನ ಸುದರ್ಶನ್. ಟೆಸ್ಟಿನ ಟ್ಯೂಬುಗಳಿದ್ದ ಐಸ್ ಡಬ್ಬವನ್ನು ಜೀಪಿನಲ್ಲಿ ಹಾಸನದ ಲ್ಯಾಬಿಗೆ ಮುಟ್ಟಿಸುವ ಡ್ರೈವರ್. ಅವನ ಪಕ್ಕದಲ್ಲೂ ಯಾರೂ ಕೂರುತ್ತಿರಲಿಲ್ಲ.

"ಮೇಡಂ, ನಿಮ್ಮನ್ನ ರೋಡಲ್ಲಿ ಕಂಡ್ರೆ ಗುರ್ತೇ ಸಿಕ್ಕಲ್ಲ ಕಣ್ರೀ."

"ಗುರುತು ಸಿಕ್ಕಿ ಏನ್ ಮಾಡ್ತೀರಾ?"

"ಎದುರಾಬದುರು ಕೂತ್ಕಂಡು ಒಂದ್ ಕಾಫಿ ಕುಡೀಬೌದಿತ್ತು."

ನಕ್ಕಾಗ ಅವಳ ಕಣ್ಣಿನ ಅಂಚು ಸುಕ್ಕಾಗುವುದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಆಮೇಲೆ ಇಬ್ಬರಿಗೂ ಡಬ್ಬದ ಮುಚ್ಚಳ ಹಾಕುವುದೇ ಮಹಾ ಕೆಲಸವಾಯಿತು.

ಆ ವಾರ ಸಿಬ್ಬಂದಿಗೆಲ್ಲ ಎರಡೆರಡು ಟೆಸ್ಟ್. ಅಲ್ಲೇ ಕಾಲು ಗಂಟೆಯಲ್ಲಿ ಉತ್ತರ ಹೇಳುವ ರ್‍ಯಾಪಿಡ್ ಒಂದು, ಹಾಸನದ ಲ್ಯಾಬಿನಿಂದ ಬರಬೇಕಾದ ಆರ್‌ಟಿಪಿಸಿಆರ್ ಇನ್ನೊಂದು. ಎರಡನ್ನೂ ಹೋಲಿಸಿ ನೋಡಬೇಕಿತ್ತು. ರ್‍ಯಾಪಿಡ್‌ನಲ್ಲಿ ಇಬ್ಬರದೂ ನೆಗೆಟಿವ್! ಸುದರ್ಶನ್ ಕುಣಿಯುತ್ತ ಆಸ್ಪತ್ರೆ ಹಿಂದಿನ ಹೊಂಗೆ ಮರದ ಕಟ್ಟೆಗೆ ಫ್ಲಾಸ್ಕ್ ತಂದ.

"ಬೆಳಿಗ್ಗೆ ನಾನೇ ಹಾಲ್ ಕಾಯ್ಸಿ ಮಾಡಿದ್ದು. ಇವತ್ತಾದ್ರೂ ಮಾಸ್ಕ್ ತಗೀರಿ."

ಅವಳ ಬೆರಳು ಕಿವಿಯ ಹಿಂದಿನ ದಾರಕ್ಕೆ ಹೋಗಿತ್ತು. ಯಾರಾದರೊಬ್ಬರು ತನ್ನ ಮುಖ ನೋಡಲಿ, ಎದುರಿಗೆ ಕೂರಲಿ ಎಂದು ಅವಳ ಜೀವ ಎಷ್ಟು ಹಂಬಲಿಸಿತ್ತೋ ಅವಳಿಗೇ ಗೊತ್ತು. ಅಷ್ಟರಲ್ಲಿ ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಸೀದ ಹಾಲಿನ ವಾಸನೆ ಮಾಸ್ಕನ್ನೂ ದಾಟಿ ಬಂತು.

"ಹೆಂಗೆ ಘಮ್ ಅಂತದೆ, ಅಲ್ವಾ?"

"ನಿಮಗೆ ವಾಸನೆ ಬರ್ತಿದ್ಯಾ?"

"ನಿನ್ನೆಯಿಂದ ಮೂಗ್ ಕಟ್ಕಂಡದೆ. ಅದ್ಕೇನೀಗ?"

ಅವಳ ಕೈ ಕೆಳಗಿಳಿಯಿತು. ರ್‍ಯಾಪಿಡ್ ಇಲ್ಲ ಎಂದದ್ದನ್ನು ಹಾಸನದ ಲ್ಯಾಬು ಹೌದು ಎಂದದ್ದನ್ನು ಅವಳು ಬೇಕಾದಷ್ಟು ಕಂಡಿದ್ದಳು.

"ಹಾಸನದ ರಿಪೋರ್ಟ್ ಬರೋಗಂಟ ಬೇಡ ಸುದರ್ಶನ್. ಡ್ಯೂಟಿನೂ ಬೇಡ. ನಿಮ್ಮವ್ವನ ಹತ್ರಾನೂ ಹೋಗ್ಬೇಡಿ."

"ನಿಮ್ ಕಿಟ್ಟೇ ನೆಗೆಟಿವ್ ಅಂತದೆ. ನಂಜೊತೆ ಕೂರಕ್ ಇಷ್ಟ ಇಲ್ಲ ಅಂದ್ಬುಡಿ. ನೆಪ ಯಾಕೆ?"

ಇಷ್ಟ ಇದೆ ಎಂದು ಅವಳು ಹೇಳುವ ಮೊದಲೇ ಅವನು ಫ್ಲಾಸ್ಕನ್ನು ಅಲ್ಲೇ ಬಿಟ್ಟು ನಡೆದುಹೋದ.

ಸಂಜೆ ಡಬ್ಬ ಒಯ್ಯಲು ಬಂದವನು ಬೇರೆ ಡ್ರೈವರ್, ಕೆಂಪಣ್ಣ. ಡಬ್ಬದಲ್ಲಿ ಅವರಿಬ್ಬರ ಟ್ಯೂಬುಗಳು ಪಕ್ಕಪಕ್ಕದಲ್ಲಿದ್ದವು. ಅವಕ್ಕಾದರೂ ಜೊತೆ ಸಿಕ್ಕಿತಲ್ಲ ಎಂದುಕೊಂಡು, ತನ್ನ ಹುಚ್ಚಿಗೆ ತಾನೇ ಬೈದುಕೊಂಡಳು.

ರಿಪೋರ್ಟ್ ಬಂತು. ಅವಳದು ನೆಗೆಟಿವ್, ಅವನದು ಪಾಸಿಟಿವ್. ತಾನು ಹೇಳಿದ್ದೇ ನಿಜವಾಯಿತೆಂದು ಅವಳಿಗೆ ಸಮಾಧಾನವೇನೂ ಆಗಲಿಲ್ಲ, ಸಂಕಟವಾಯಿತು.

ಅವನೇ ಫೋನ್ ಮಾಡಿದ. "ಅವ್ವಂಗೆ ಉಬ್ಬಸ ಕಣ್ರೀ. ಕೋಪ ಬಂದಿದ್ರೂ ನಿಮ್ ಮಾತ್ ಕೇಳಿ ತೋಟದ ಪಂಪ್‌ಸೆಟ್ ಮನೇಲೇ ಮಲ್ಗಿದ್ದೆ. ಅವ್ವ ಉಳ್ಕಂಡ್ಳು."

ಅವಳು ಅವನ ಕೆಮ್ಮು ಕೇಳುತ್ತ ಫೋನ್ ಹಿಡಿದೇ ಕೂತಿದ್ದಳು.

ವಾಸಿಯಾಗಿ, ಮೈ ಇಳಿದು, ಅವನು ಅದೇ ಹೊಂಗೆ ಮರದಡಿಗೆ ಬಂದ. ಕೈಯಲ್ಲಿ ಅವಳು ತೊಳೆದು ಕೆಂಪಣ್ಣನ ಹತ್ತಿರ ಕಳಿಸಿದ್ದ ಅದೇ ಫ್ಲಾಸ್ಕ್. ರಂಜಿನಿ ಮಾಸ್ಕ್ ತೆಗೆದಳು. ಕೆನ್ನೆಗೆ ಗಾಳಿ ತಾಗಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಅವನು ನೋಡಿದ. ನೋಡುತ್ತಲೇ ಕಾಫಿ ಬಗ್ಗಿಸಿದ, ಅರ್ಧ ಕಟ್ಟೆಯ ಮೇಲೆ ಚೆಲ್ಲಿತು.

"ವಾಸ್ನೆ ಇನ್ನೂ ಬಂದಿಲ್ಲ ನಂಗೆ. ನೀವೇ ಹೇಳಿ, ಹೆಂಗದೆ?"

ಅವಳು ಲೋಟ ಬರಿದಾಗುವವರೆಗೂ ಕುಡಿದಳು.

"ಹಾಲು ಸೀದಿದೆ. ಅವತ್ತೂ ಸೀದಿತ್ತು."

ಅವನ ಮುಖ ಸಪ್ಪಗಾಯಿತು.

"ಇನ್ಮೇಲೆ ನೀವು ಕಾಯಿಸ್ಬೇಡಿ," ಅಂದಳು ರಂಜಿನಿ. "ನಿಮ್ಮನೇಲಿ ದಿನಾ ನಾನೇ ಕಾಯಿಸ್ತೀನಿ."